ಒಲ್ಮೆದೊನನ್ನು ಒಂದು ಸಲವೂ ಆಡಿಸದ ನಿಮಗೆ

ತಂಡದ ಪ್ರಧಾನ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ದೂರು ಚಿಕ್ಕದು. ಒಲ್ಮೆದೊ ಕ್ವಿಯೆಲ್ ಎಂಬ ಹುಡುಗನನ್ನು ನೀವು ನಿಮ್ಮ ಮೇಜರ್ ಲೀಗ್ ತಂಡಕ್ಕೆ ಕರೆಸಿಕೊಂಡಿರಿ, ಸಮವಸ್ತ್ರ ತೊಡಿಸಿದಿರಿ, ಮೂರು ವಾರ ಬೆಂಚಿನ ಮೇಲೆ ಕೂರಿಸಿದಿರಿ, ಒಂದೇ ಒಂದು ಚೆಂಡನ್ನೂ ಆಡಿಸದೆ ವಾಪಸು ಕಳಿಸಿದಿರಿ. ಈಗ ಅವನು ಬೇಸ್‌ಬಾಲನ್ನೇ ಬಿಟ್ಟಿದ್ದಾನೆ. ನಿಮಗೆ ಅವನ ಹೆಸರು ನೆನಪಿರಲಿಕ್ಕಿಲ್ಲ. ಈ ಮೊದಲು ನಿಮ್ಮ ಕಚೇರಿಗೆ ಎರಡು ಸಲ ಬರೆದೆ. ಉತ್ತರವಾಗಿ ಬಂದದ್ದು ತಂಡದ ಲಾಂಛನವಿರುವ ಒಂದು ಟೋಪಿ. ಟೋಪಿ ಹಾಕುವುದನ್ನು ನೀವು ಇಷ್ಟು ಅಕ್ಷರಶಃ ತೆಗೆದುಕೊಂಡಿದ್ದೀರೆಂದು ನನಗೆ ಗೊತ್ತಿರಲಿಲ್ಲ. ಆದ್ದರಿಂದ ಈ ಸಲ ಪತ್ರಿಕೆಯ ಮೂಲಕ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಾನು ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಬೆಟ್ಟಗಳ ನಡುವಿನ ಹಾರ್ಲನ್ ಫೆರಿ ಎಂಬ ಊರಿನವಳು. ನಿಮ್ಮ ಸಂಸ್ಥೆಯ ಕಿರಿಯ ತಂಡವೊಂದು ನಮ್ಮಲ್ಲಿದೆ. ನಾಳೆ ನಿಮ್ಮ ದೊಡ್ಡ ತಂಡಕ್ಕೆ ಹೋಗಬೇಕಾದ ಹುಡುಗರು ಬಸ್ಸಿನಲ್ಲಿ ಊರೂರು ಅಲೆಯುತ್ತ ಕೈ ಪಳಗಿಸಿಕೊಳ್ಳುವುದು ಇಲ್ಲೇ. ಮುಖ್ಯ ರಸ್ತೆಯಲ್ಲಿ ನನ್ನದೊಂದು ಹೆಂಗಸರ ಸಲೂನ್ ಇದೆ. ನನ್ನ ಗಂಡ ಲೆನ್ ಚಳಿಗಾಲದಲ್ಲಿ ಹೆದ್ದಾರಿಯ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದ, ಈಗ ನಿವೃತ್ತ. ನೀವು ಹುಡುಗರಿಗೆ ಅಪಾರ್ಟ್‌ಮೆಂಟ್ ಕೊಡಲು ಶುರು ಮಾಡುವುದಕ್ಕೆ ಮುಂಚೆ ಅವರೆಲ್ಲ ಊರಿನವರ ಮನೆಗಳಲ್ಲಿ ಇರುತ್ತಿದ್ದರು. ನಮಗೆ ಮಕ್ಕಳಿಲ್ಲ, ಮಹಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಟೆಕ್ಸಸ್ಸಿನವರು, ಡೊಮಿನಿಕನ್ನರು, ಬಾಗಿಲಿಗೆ ತಲೆ ತಾಗಿಸಿಕೊಳ್ಳದೆ ಒಳಗೆ ಬರಲಾಗದ, ಚೆಂಡೆಸೆಯುವ ಒಬ್ಬ ಪಿಚರ್, ಹೀಗೆ ಎಷ್ಟೋ ಮಂದಿ ಆ ಕೋಣೆಯಲ್ಲಿ ಮಲಗಿ ಎದ್ದು ಹೋದರು. ಒಲ್ಮೆದೊ ಬಂದದ್ದು ಇಪ್ಪತ್ತರ ವಯಸ್ಸಿನಲ್ಲಿ. ಪನಾಮಾ ದೇಶದ ಚಿರಿಕಿ ಪ್ರಾಂತ್ಯದವನು. ತೆಳ್ಳಗೆ, ಕಪ್ಪಗೆ, ಉದ್ದ ಕೈಗಳು. ಮೊದಲ ಸಂಜೆ ನಾನು ಪಿಯರೋಗಿ ಎಂಬ ನಮ್ಮ ಕಡುಬು ಮಾಡಿ ಬಡಿಸಿದೆ. ಒಂದನ್ನು ಮುಳ್ಳುಚಮಚದಲ್ಲಿ ಚುಚ್ಚಿ ಬೆಳಕಿಗೆ ಹಿಡಿದು ನೋಡಿದ.

"ಮಿಸ್ ಬರ್ನಿ, ಇದರೊಳಗೆ ಏನಿದೆ?"

"ಆಲೂಗಡ್ಡೆ. ತಿನ್ನಪ್ಪ, ಏನೂ ಆಗಲ್ಲ."

"ಚೆನ್ನಾಗಿದೆ," ಅಂದ, ಬಾಯಿಗೆ ಇಡುವ ಮುಂಚೆಯೇ. ಆಮೇಲೆ ಸುತ್ತ ನೋಡಿ ಮೆಲ್ಲಗೆ ಕೇಳಿದ, "ಅನ್ನ ಆಮೇಲೆ ಬರುತ್ತಾ?"

ಲೆನ್ ನಗುತ್ತ ಹೇಳಿದ, "ನಾಳೆಯಿಂದ ಅನ್ನ ಮಾಡೇ ಬರ್ನಿ. ಇಲ್ಲದಿದ್ರೆ ಈ ಹುಡುಗ ಗಾಳಿಗೆ ಹಾರಿಹೋಗ್ತಾನೆ."

ಮೂರು ಬೇಸಿಗೆ ಅವನು ನಮ್ಮ ಜೊತೆ ಇದ್ದ. ಸೆಕೆಂಡ್ ಬೇಸ್ ಅವನ ಜಾಗ. ಆ ಜಾಗದವನು ಚೆಂಡು ಹಿಡಿದು, ಕಾಲಿನಲ್ಲಿ ಬೇಸ್ ಮುಟ್ಟಿ, ತನ್ನ ಮೇಲೆ ನುಗ್ಗಿ ಬರುವವನನ್ನು ತಪ್ಪಿಸಿಕೊಂಡು, ಒಂದೇ ಉಸಿರಿನಲ್ಲಿ ಇನ್ನೊಂದು ಕಡೆಗೆ ಎಸೆಯಬೇಕು. ಅದನ್ನು ಅವನು ನಮ್ಮ ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದ. ಲೆನ್ ಫ್ರಿಜ್ಜಿನ ಪಕ್ಕ ನಿಂತು ಆಲೂಗಡ್ಡೆ ಎಸೆಯುವುದು, ಇವನು ಹಿಡಿದು ಗಿರಕಿ ಹೊಡೆದು ಸಿಂಕಿನೊಳಗೆ ಹಾಕುವುದು. ನನ್ನ ಅಜ್ಜಿಯ ಕಾಲದ ಒಂದು ಪಿಂಗಾಣಿ ಬೋಗುಣಿ ಈ ಅಭ್ಯಾಸಕ್ಕೆ ಬಲಿಯಾಯಿತು. ಒಡೆದದ್ದು ಲೆನ್, ಒಲ್ಮೆದೊ ಅಲ್ಲ. ನಮ್ಮ ಊರಿನ ತಂಡದ ಕೋಚ್ ಸ್ಟೋಲ್ಟ್ಸ್ ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಅವರು ನನ್ನ ಸಲೂನಿಗೆ ಹೆಂಡತಿಯನ್ನು ಬಿಡಲು ಬಂದಾಗ ಹೇಳಿದ್ದರು: "ಬರ್ನಿ, ನಿಮ್ಮನೆ ಹುಡುಗನ ಕಾಲಿದೆಯಲ್ಲ, ಅದು ತಲೆಗಿಂತ ಮುಂಚೆ ಯೋಚನೆ ಮಾಡುತ್ತೆ. ಇದನ್ನ ನಾನು ಕಲಿಸಿದ್ದಲ್ಲ. ಕಲಿಸೋಕೂ ಆಗಲ್ಲ."

ಮೂರನೇ ವರ್ಷದ ಜುಲೈನಲ್ಲಿ ಮಾನ್ಯರು ಸ್ವತಃ ಹಾರ್ಲನ್ ಫೆರಿಗೆ ದಯಮಾಡಿಸಿದಿರಿ. ಹುಡುಗರನ್ನು ಮನೆಯಲ್ಲಿಟ್ಟುಕೊಂಡ ನಮ್ಮಂಥವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ಕುಲುಕಿದಿರಿ, ಹಾಟ್ ಡಾಗ್ ಕೊಡಿಸಿದಿರಿ. ನಾನು ಕೇಳಿದೆ, ನಮ್ಮ ಒಲ್ಮೆದೊನ ಸರದಿ ಯಾವಾಗ ಎಂದು. ಕಪ್ಪು ಕನ್ನಡಕ ತೆಗೆಯದೆಯೇ ಹೇಳಿದಿರಿ: "ಅವನು ನಮ್ಮ ಯೋಜನೆಯಲ್ಲಿದ್ದಾನೆ, ಮೇಡಂ. ಖಂಡಿತ ಇದ್ದಾನೆ." ಆ ಮಾತನ್ನು ನಾನು ಮನೆಗೆ ಹೊತ್ತು ತಂದು ಅವನಿಗೆ ಹೇಳಿದೆ. ಅವನು ಅದನ್ನು ಊರಿಗೆ ಫೋನ್ ಮಾಡಿ ತಾಯಿಗೆ ಹೇಳಿದ. ತಾಯಿ ನಿದಿಯಾ, ದವೀದ್ ಎಂಬ ಪಟ್ಟಣದ ಬಸ್ ನಿಲ್ದಾಣದ ಹತ್ತಿರ ಬೆಳಗಿನ ಹೊತ್ತು ಕರಿದ ರೊಟ್ಟಿ ಮತ್ತು ಕಾಫಿ ಮಾರುವವರು. ಅವರು ತಮ್ಮ ಗಿರಾಕಿಗಳಿಗೆಲ್ಲ ಹೇಳಿದರು. ಹೀಗೆ ನಿಮ್ಮ ಒಂದು ಮಾತಿಗೆ ಬಹಳ ದೂರದವರೆಗೆ ಕಾಲು ಬಂತು. ನೀವಾದರೋ ಕಾರು ಹತ್ತುವ ಹೊತ್ತಿಗೆ ಮರೆತಿದ್ದಿರಿ ಎಂದು ಈಗ ಅರ್ಥವಾಗಿದೆ. ಯೋಜನೆ ಎಂದರೆ ಗೋದಾಮು ಎಂದು ಅಂದೇ ಬಿಡಿಸಿ ಹೇಳಿದ್ದರೆ ನಮಗೆ ಎಷ್ಟೋ ಉಪಕಾರವಾಗುತ್ತಿತ್ತು.

ಆಗಸ್ಟ್ ಬಂತು. ನಿಮ್ಮ ದೊಡ್ಡ ತಂಡದ ಸೆಕೆಂಡ್ ಬೇಸ್‌ನವನಿಗೆ ತೊಡೆಯ ಸ್ನಾಯು ಹಿಡಿದುಕೊಂಡಿತು. ಅವನು ಒಂದು ಕಾಲಕ್ಕೆ ಅದ್ಭುತ ಆಟಗಾರ, ನಾನೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇನೆ. ಆದರೆ ಆ ವರ್ಷ ಓಡುವಾಗ ಪಿಯಾನೋ ಹೊತ್ತವನ ಹಾಗೆ ಕಾಣುತ್ತಿದ್ದ. ನಾವು ತಿಂಡಿಗೆ ಕೂತಿದ್ದೆವು, ಕೋಚ್ ಸ್ಟೋಲ್ಟ್ಸ್ ಫೋನ್ ಮಾಡಿದರು. ಒಲ್ಮೆದೊ "ಹೌದು ಸಾರ್, ಹೌದು ಸಾರ್" ಎಂದಷ್ಟೇ ಅನ್ನುತ್ತಿದ್ದ. ಫೋನ್ ಇಟ್ಟು, ಎದ್ದು ಹೋಗಿ ಮಹಡಿಯ ಮೆಟ್ಟಿಲ ಮೇಲೆ ಕೂತ. ಏನಾಯಿತೋ ಎಂದು ನಾನು ಹಿಂದೆಯೇ ಹೋದೆ.

"ಮಿಸ್ ಬರ್ನಿ, ನಾನು ಮೇಲೆ ಹೋಗ್ಬೇಕಂತೆ."

"ಮೇಲೆ ಅಂದ್ರೆ? ಕೋಣೆಗಾ?"

"ಇಲ್ಲ. ಮೇಲೆ."

ಲೆನ್ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಹೋಗಿ ನೋಡಿದರೆ ಒಣಗಿದ ಪಾತ್ರೆಗಳನ್ನೇ ಮತ್ತೆ ಒರೆಸುತ್ತಿದ್ದ.

ಹುಡುಗನ ವಿಮಾನ ನಿಮ್ಮ ಮಹಾನಗರದಲ್ಲಿ ಇಳಿಯುವಷ್ಟರಲ್ಲಿ ನೀವು ಬೇರೊಂದು ತಂಡದಿಂದ ಇನ್ನೊಬ್ಬ ಸೆಕೆಂಡ್ ಬೇಸ್‌ನವನನ್ನು ಕೊಂಡುಕೊಂಡಿದ್ದಿರಿ. ಮೂವತ್ತೈದು ದಾಟಿದವನು. ಅವನಿಗೆ ಬದಲಾಗಿ ಕಿರಿಯ ತಂಡಗಳ ಇಬ್ಬರು ಹುಡುಗರನ್ನು ಕೊಟ್ಟಿರಿ. ಕೈಯಲ್ಲಿ ಹಣವಿದ್ದವರು ಹೂವಿನ ಗಿಡಕ್ಕೆ ನೀರು ಹಾಕುತ್ತ ಕಾಯುವುದಿಲ್ಲ, ಪೇಟೆಗೆ ಹೋಗಿ ಹೂಗುಚ್ಛ ತರುತ್ತಾರೆ. ಅದು ವಾರದಲ್ಲಿ ಬಾಡುತ್ತದೆ, ಇನ್ನೊಂದು ತರುತ್ತಾರೆ. ಸರಿ, ನಿಮ್ಮ ಹಣ, ನಿಮ್ಮ ಇಷ್ಟ. ಆದರೆ ಹಾಗಿದ್ದ ಮೇಲೆ ನಮ್ಮ ಹುಡುಗನನ್ನು ಏಕೆ ಇಟ್ಟುಕೊಂಡಿರಿ? ಒಬ್ಬ ಸಹಾಯಕ ಕೋಚ್ ಅವನಿಗೆ ಕಾರಣ ಹೇಳಿದರಂತೆ: "ನೀನು ತುರ್ತಿಗೆ ಇರೋನು. ಬೇರೆ ಗತಿ ಇಲ್ಲದಿದ್ರೆ ಮಾತ್ರ ಇಳಿಸಿ ಅಂತ ಮೇಲಿನವರು ಹೇಳಿದ್ದಾರೆ." ಆ ಮೇಲಿನವರು ತಾವೇ ತಾನೇ? ಊಟಕ್ಕೆ ಕರೆದು, ಮೇಜಿನ ಮುಂದೆ ಕೂರಿಸಿ, ತಟ್ಟೆ ಇಟ್ಟು, ಬೇರೆಯವರೆಲ್ಲ ಉಣ್ಣುವುದನ್ನು ನೋಡಿಸಿ, ಎಬ್ಬಿಸಿ ಕಳಿಸುವುದಕ್ಕೆ ನಿಮ್ಮ ಕಚೇರಿಯ ಭಾಷೆಯಲ್ಲಿ ಏನೆನ್ನುತ್ತಾರೆ?

ನಿದಿಯಾ ಆ ಬೇಸಿಗೆಯಲ್ಲಿ ಹಾರ್ಲನ್ ಫೆರಿಗೆ ಬಂದು ಮಗನ ಆಟ ನೋಡಬೇಕೆಂದು ಮೊದಲೇ ವೀಸಾ ಮಾಡಿಸಿಕೊಂಡಿದ್ದರು. ಈಗ ಮಗ ಮೇಜರ್ ಲೀಗಿಗೇ ಹೋದ ಮೇಲೆ ಇನ್ನು ಕೇಳಬೇಕೆ? ಹುಟ್ಟಿದ ಮೇಲೆ ಮೊದಲ ಸಲ ವಿಮಾನ ಹತ್ತಿ ಬಂದರು. ಕಿವಿ ಮುಚ್ಚಿಹೋಗಿದೆ ಎಂದು ಎರಡು ದಿನ ಎಲ್ಲರ ಹತ್ತಿರವೂ ಜೋರಾಗಿ ಮಾತಾಡುತ್ತಿದ್ದರು. ಲೆನ್ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ನಿಮ್ಮ ಮಹಾನಗರಕ್ಕೆ ಹೊರಟ. ವಾರಾಂತ್ಯಕ್ಕೆ ಮೂರು ಪಂದ್ಯಗಳಿದ್ದವು, ಮೂರೂ ನಿಮ್ಮದೇ ಮೈದಾನದಲ್ಲಿ. ಹುಡುಗರ ಸಹವಾಸದಲ್ಲಿ ನಾನು ಕಲಿತ ಮುರುಕು ಸ್ಪ್ಯಾನಿಷ್‌ನಲ್ಲಿಯೇ ನಾವಿಬ್ಬರೂ ದಾರಿಯುದ್ದಕ್ಕೂ ಹರಟಿದೆವು. ಮಗನಿಗೆ ಕೈಗವಸು ಕೊಳ್ಳಲು ಒಂದು ವರ್ಷ ರೊಟ್ಟಿಗೆ ಹಾಕುವ ಹಿಟ್ಟಿನಲ್ಲಿ ಮಿಗಿಸಿದ್ದನ್ನು ಅವರು ನಗುತ್ತಲೇ ಹೇಳಿದರು: "ಆ ವರ್ಷ ನನ್ನ ರೊಟ್ಟಿ ಎಷ್ಟು ತೆಳ್ಳಗಿತ್ತು ಅಂದ್ರೆ ಬರ್ನಿ, ಅದರ ಮೂಲಕ ಪೇಪರ್ ಓದಬಹುದಿತ್ತು. ಜನ ಬಯ್ಯುತ್ತಲೇ ತಿಂದ್ರು."

ಶುಕ್ರವಾರದ ಪಂದ್ಯ ತುರುಸಿನದು. ಅವನನ್ನು ಇಳಿಸುತ್ತಾರೆಂದು ನಾವೂ ಎಣಿಸಿರಲಿಲ್ಲ. ಶನಿವಾರ ಮಧ್ಯಾಹ್ನ ಮಾತ್ರ ನಿಮ್ಮ ತಂಡ ಎದುರಾಳಿಗಳನ್ನು ಚಿಂದಿ ಮಾಡಿತು. ಎಂಟನೇ ಇನ್ನಿಂಗ್ಸ್ ಹೊತ್ತಿಗೆ ಹನ್ನೊಂದು ರನ್ನುಗಳ ಮುನ್ನಡೆ. ಅರ್ಧ ಜನ ಎದ್ದು ಹೋಗಿದ್ದರು. ಎದುರಾಳಿ ಕೂಡ ಮನೆಗೆ ಹೋದರೆ ಸಾಕಪ್ಪ ಎನ್ನುವಂತೆ ಆಡುತ್ತಿದ್ದ. ನಮ್ಮ ಪಕ್ಕದಲ್ಲಿ ಅಂಗಿಯ ಮೇಲೆ ಸಾಸಿವೆ ಚೆಲ್ಲಿಕೊಂಡ ಒಬ್ಬ ದಪ್ಪನೆಯ ಮನುಷ್ಯ ಕೂತಿದ್ದ. ನಾವು ಬೆಂಚಿನ ಕಡೆಗೇ ನೋಡುವುದನ್ನು ಕಂಡು ಕೇಳಿದ:

"ಯಾರನ್ನಮ್ಮ ಹುಡುಕ್ತಿದ್ದೀರಿ?"

"ಕ್ವಿಯೆಲ್‌ನ. ಅವನನ್ನ ಯಾವಾಗ ಇಳಿಸ್ತಾರೋ ಅಂತ."

"ಯಾರವನು? ಹೊಸ ಹುಡುಗನಾ? ಅಯ್ಯೋ, ಮಕ್ಕಳಿಗೆ ಪಾಠ ಹೇಳೋ ಜಾಗ ಅಲ್ಲಮ್ಮ ಇದು. ಇಷ್ಟು ದುಡ್ಡು ಕೊಟ್ಟು ಒಳಗೆ ಬಂದಿರೋದು ಗೆಲ್ಲೋದನ್ನ ನೋಡೋಕೆ."

ಲೆನ್ ಅವನ ಕಡೆಗೆ ಬಾಗಿ, ನಿದಿಯಾ ಕಡೆಗೆ ಬೆರಳು ಮಾಡಿ ಹೇಳಿದ, "ಇವರು ಅವನ ತಾಯಿ. ಪನಾಮಾದಿಂದ ಬಂದಿದ್ದಾರೆ."

ಆ ಮನುಷ್ಯ ನಿದಿಯಾರನ್ನು ನೋಡಿದ. ರನ್ನುಗಳ ಫಲಕವನ್ನು ನೋಡಿದ, ಮತ್ತೆ ನಿದಿಯಾರನ್ನು ನೋಡಿದ. ಆಮೇಲೆ ಎದ್ದು ನಿಂತು ಎರಡೂ ಕೈ ಬಾಯಿಗಿಟ್ಟು ಕೂಗಿದ, "ಕ್ವಿಯೆಲ್‌ನ ಇಳಿಸ್ರೋ. ಅವರಮ್ಮ ಬಂದಿದ್ದಾರೆ." ಹಿಂದಿನ ಸಾಲಿನವರು ಕೂಗಿದರು. ಅದರ ಹಿಂದಿನವರು ಕಾಲು ಬಡಿದರು. ನೋಡನೋಡುತ್ತ ನಮ್ಮ ಭಾಗದ ಜನವೆಲ್ಲ, ಅವನ ಮುಖವನ್ನೂ ಕಾಣದ ಜನ, ಕ್ವಿ-ಯೆಲ್, ಕ್ವಿ-ಯೆಲ್ ಎಂದು ತಾಳ ಹಾಕತೊಡಗಿದರು. ನಿದಿಯಾ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಒಲ್ಮೆದೊ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ, ಅವನ ಕಿವಿಗೆ ಬಿದ್ದಿರಲೇಬೇಕು. ಕೊನೆಯದಾದ ಒಂಬತ್ತನೇ ಇನ್ನಿಂಗ್ಸಿಗೆ ನಿಮ್ಮ ತಂಡದ ತರಬೇತುದಾರ ದೊಡ್ಡ ಆಟಗಾರರಿಗೆ ವಿಶ್ರಾಂತಿ ಕೊಟ್ಟು ಮೂವರನ್ನು ಬದಲಾಯಿಸಿದರು. ಸೆಕೆಂಡ್ ಬೇಸ್‌ಗೆ ಹೋದವನು ಹದಿನಾಲ್ಕು ವರ್ಷದಿಂದ ಆಡುತ್ತಿರುವ ಮತ್ತೊಬ್ಬ.

ಹೊರಗೆ ಬರುವಾಗ ನಿದಿಯಾ ನನ್ನ ತೋಳು ಹಿಡಿದು ನಿಲ್ಲಿಸಿದರು. ನಗು ಎಲ್ಲೋ ಹೋಗಿತ್ತು.

"ಬರ್ನಿ, ನನ್ನ ಹತ್ರ ಮುಚ್ಚಿಡಬೇಡ. ಇವನು ಏನಾದ್ರೂ ತಪ್ಪು ಮಾಡಿದ್ದಾನಾ?"

"ಇಲ್ಲ ನಿದಿಯಾ. ಏನೂ ಮಾಡಿಲ್ಲ."

"ಮತ್ತೆ ಯಾಕೆ ಕೂರಿಸಿದ್ದಾರೆ? ನಮ್ಮೂರಲ್ಲಿ ತಪ್ಪು ಮಾಡಿದವರನ್ನ ಹಾಗೆ ಕೂರಿಸ್ತಾರೆ."

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ನಿಮ್ಮ ಬಳಿ ಇದ್ದರೆ ದಯವಿಟ್ಟು ಬರೆಯಿರಿ. ವಿಳಾಸ ನಾನು ಕೊಡುತ್ತೇನೆ, ಸ್ಪ್ಯಾನಿಷ್‌ಗೆ ನಾನೇ ತಿರುಗಿಸುತ್ತೇನೆ.

ಭಾನುವಾರ ನಿಮ್ಮವರು ಸೋಲುತ್ತಿದ್ದರು. ಕೊನೆಯ ಇನ್ನಿಂಗ್ಸ್, ಆರು ರನ್ ಹಿಂದೆ, ಒಬ್ಬ ಆಗಲೇ ಔಟ್, ಒಬ್ಬ ಫಸ್ಟ್ ಬೇಸ್‌ನಲ್ಲಿ. ಆಗ ತರಬೇತುದಾರ ಬೆಂಚಿನ ಕಡೆ ತಿರುಗಿ ಏನೋ ಅಂದರು. ಒಲ್ಮೆದೊ ಎದ್ದ. ಶಿರಸ್ತ್ರಾಣ ಹಾಕಿಕೊಂಡ, ಬ್ಯಾಟ್ ತೆಗೆದುಕೊಂಡ, ಮುಂದಿನ ಸರದಿಯವನು ಕಾಯುವ ವೃತ್ತಕ್ಕೆ ಬಂದು ನಿಂತ. ಲೆನ್ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಉಂಗುರದ ಗುರುತು ಸಂಜೆಯವರೆಗೂ ಇತ್ತು. ನಿದಿಯಾ ಎದ್ದು ನಿಂತರು. ಅವನು ಬ್ಯಾಟನ್ನು ಗಾಳಿಯಲ್ಲಿ ಎರಡು ಸಲ ಬೀಸಿದ, ನಿಲುವು ಸರಿ ಮಾಡಿಕೊಂಡ, ಮತ್ತೊಂದು ಸಲ ಬೀಸಿದ. ಅವನ ಮುಂದಿದ್ದವನು ಬಂದ ಮೊದಲ ಚೆಂಡಿಗೇ ಬ್ಯಾಟ್ ತಾಗಿಸಿದ. ಚೆಂಡು ನೆಲದ ಮೇಲೆ ಉರುಳಿ ನೇರವಾಗಿ ಎದುರಾಳಿಯ ಕೈಗೆ ಹೋಯಿತು. ಅಲ್ಲಿಂದ ಸೆಕೆಂಡ್ ಬೇಸ್‌ಗೆ, ಅಲ್ಲಿಂದ ಫಸ್ಟ್ ಬೇಸ್‌ಗೆ. ಒಂದೇ ಏಟಿಗೆ ಇಬ್ಬರು ಔಟ್, ಮೊದಲಿನವನೂ ಸೇರಿ ಲೆಕ್ಕದ ಮೂರೂ ಔಟ್ ಆದವು. ಪಂದ್ಯ ಮುಗಿಯಿತು. ಎಲ್ಲರೂ ಒಳಗೆ ಹೋದರು. ಅವನು ಇನ್ನೂ ಆ ವೃತ್ತದಲ್ಲೇ ನಿಂತಿದ್ದ. ಯಾರೋ ಬಂದು ಅವನ ಭುಜ ತಟ್ಟಿ ಬ್ಯಾಟ್ ಇಸಿದುಕೊಂಡರು.

ಆಟಗಾರರು ಹೊರಗೆ ಬರುವ ಬಾಗಿಲಲ್ಲಿ ಕಾದೆವು. ಸ್ನಾನ ಮಾಡಿ, ತಲೆ ಬಾಚಿ, ನಗುಮುಖ ಮಾಡಿಕೊಂಡು ಬಂದ. ಅವನು ಬಾಯಿ ತೆರೆಯುವ ಮೊದಲೇ ತಾಯಿ ಅವನ ಕೆನ್ನೆಗಳನ್ನು ಹಿಡಿದುಕೊಂಡರು.

"ನೋಡಿದೆ ಮಗನೇ. ಬ್ಯಾಟ್ ಹಿಡಿದು ನಿಂತಿದ್ದೆ. ಕಣ್ತುಂಬ ನೋಡಿದೆ."

"ಅಮ್ಮ, ಅದು ಆಟ ಅಲ್ಲ."

"ನಂಗೆ ಅಷ್ಟು ಸಾಕು."

ಚಿರಿಕಿಯಲ್ಲಿ ಬೇಸ್‌ಬಾಲ್ ಗೊತ್ತಿಲ್ಲದ ಹೆಂಗಸಿಲ್ಲ. ಯಾವುದು ಆಟ, ಯಾವುದು ಅಲ್ಲ ಎಂಬುದು ನಿದಿಯಾಗೆ ನಿಮಗಿಂತ ಚೆನ್ನಾಗಿ ಗೊತ್ತಿತ್ತು. ಸಾಕು ಎಂದು ಮಗನಿಗೆ ಹೇಳಿದ ಆ ಹೆಂಗಸು ವಾಪಸು ಬರುವ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಸದ್ದಿಲ್ಲದೆ ಅತ್ತರು. ಲೆನ್ ಕನ್ನಡಿಯಲ್ಲಿ ನೋಡಿದ, ನಾನು ತಿರುಗಿ ನೋಡಲಿಲ್ಲ. ಅದೇ ವಾರ, ಅವರು ಪನಾಮಾಕ್ಕೆ ಮರಳಿದ ಮರುದಿನ, ನೀವು ಹುಡುಗನನ್ನು ಕೆಳಗೆ ಕಳಿಸಿದಿರಿ. ತೊಡೆ ಹಿಡಿದುಕೊಂಡವನ ತೊಡೆ ಸರಿಹೋಗಿತ್ತಂತೆ.

ನಿಮ್ಮ ವಾದ ನನಗೆ ಗೊತ್ತು. ಪಕ್ಕದ ಬೀದಿಯ ನನ್ನ ತಂಗಿಯೇ ನಿಮ್ಮ ವಕೀಲೆ. "ಬರ್ನಿ, ಅಷ್ಟು ದೊಡ್ಡ ತಂಡ, ಗೆಲ್ಲಲೇಬೇಕಲ್ವಾ? ಹುಡುಗರನ್ನ ಇಳಿಸಿ ಸೋತರೆ ನೀನೇ ಮೊದಲು ಬಯ್ಯೋಳು," ಎನ್ನುತ್ತಾಳೆ. ಬಯ್ಯುತ್ತೇನೆ, ಸುಳ್ಳೇಕೆ ಹೇಳಲಿ? ನಾನು ಹುಟ್ಟಿದಾಗಿನಿಂದ ನಿಮ್ಮ ತಂಡದವಳು. ನೀವು ಕೊಂಡು ತಂದ ಮಹಾರಥಿ ಹೋಂ ರನ್ ಬಾರಿಸಿದಾಗ ನನ್ನ ಮೈಯೂ ಜುಮ್ಮೆನ್ನುತ್ತದೆ. ಆದರೆ ಆ ಮಹಾರಥಿ ಬಂದದ್ದೆಲ್ಲಿಂದ? ತಾಯಿಯ ಹೊಟ್ಟೆಯಿಂದ ಬರುವಾಗಲೇ ಅವನಿಗೆ ಮೇಜರ್ ಲೀಗಿನ ಚೆಂಡು ಕಾಣುತ್ತಿತ್ತೇ? ಎಲ್ಲೋ ಒಂದು ಬಡ ತಂಡ, ಖಾಲಿ ಕುರ್ಚಿಗಳ ಮುಂದೆ, ಅವನು ತಡವರಿಸುವುದನ್ನು ಒಂದಿಡೀ ಬೇಸಿಗೆ ಸಹಿಸಿಕೊಂಡಿತು. ಅವನಿಗಾಗಿ ಪಂದ್ಯ ಸೋತಿತು. ಅವನ ಕೈ ಪಳಗಿದ ದಿನ ನೀವು ಥೈಲಿ ಹಿಡಿದು ಹೋದಿರಿ. ಹೊತ್ತು ಹೆತ್ತು ಸಾಕುವುದು ಅವರ ಪಾಲಿಗೆ, ಮದುವೆ ಊಟ ನಿಮ್ಮ ಪಾಲಿಗೆ. ನಿಮ್ಮ ಮನೆಯಲ್ಲೇ ಹುಟ್ಟಿದ ಮಕ್ಕಳಿಗೆ ಮಾತ್ರ ನೀರಿಗಿಳಿಯದೆ ಈಜು ಬರಬೇಕು. ಬರದಿದ್ದರೆ ಅವರ ತಪ್ಪು.

ನನ್ನ ಸಲೂನಿನಲ್ಲೂ ಹುಡುಗಿಯರು ಕೆಲಸ ಕಲಿತಿದ್ದಾರೆ. ಗೊಂಬೆಯ ತಲೆಯ ಮೇಲೆ ಎಷ್ಟು ಕತ್ತರಿಸಿದರೂ, ಉಸಿರಾಡುವ ತಲೆ ಕೈಗೆ ಸಿಕ್ಕ ದಿನ ಎಲ್ಲರ ಕತ್ತರಿಯೂ ಅಡ್ಡಾದಿಡ್ಡಿ ಓಡುತ್ತದೆ. ಅವರಿಗೆಲ್ಲ ಸಿಕ್ಕ ಮೊದಲ ತಲೆ ಲೆನ್‌ನದು, ಎಷ್ಟೋ ವರ್ಷ ಅದು ಇಲಿ ಕಚ್ಚಿದ ಕಂಬಳಿಯಂತಿತ್ತು, ಪಾಪ. ಕೂದಲು ಮತ್ತೆ ಬೆಳೆಯುತ್ತದೆ, ಸೋತ ಪಂದ್ಯ ಮರಳಿ ಬರುವುದಿಲ್ಲ ಎನ್ನುತ್ತೀರಿ, ಒಪ್ಪಿದೆ. ಆದರೆ ಹನ್ನೊಂದು ರನ್ ಮುಂದಿದ್ದಾಗ? ಆ ಒಂದು ಇನ್ನಿಂಗ್ಸಿನಲ್ಲಿ ಅವನು ಹತ್ತು ಚೆಂಡು ಬಿಟ್ಟಿದ್ದರೂ ನೀವು ಸೋಲುತ್ತಿರಲಿಲ್ಲ. ಅಲ್ಲಿ ನಿಮ್ಮನ್ನು ತಡೆದದ್ದು ಹಣವೂ ಅಲ್ಲ, ಗೆಲುವೂ ಅಲ್ಲ. ಬೆಂಚಿನ ಮೇಲೆ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದು ಯಾರಿಗೂ ನೆನಪಾಗಲಿಲ್ಲ, ಅಷ್ಟೇ. ಕೆಡುಕು ಬಯಸಿದವರನ್ನಾದರೂ ಕ್ಷಮಿಸಬಹುದು. ಮರೆತವರನ್ನು ಹೇಗೆ ಕ್ಷಮಿಸಲಿ, ಅವರಿಗೆ ಯಾವುದಕ್ಕೆ ಕ್ಷಮೆ ಎಂಬುದೇ ಗೊತ್ತಿಲ್ಲವಲ್ಲ?

ಆ ಚಳಿಗಾಲದಲ್ಲಿ ನೀವು ಏಳು ವರ್ಷದ ಒಪ್ಪಂದಕ್ಕೆ ಒಬ್ಬ ಹೆಸರಾಂತ ಸೆಕೆಂಡ್ ಬೇಸ್‌ನವನನ್ನು ತಂದಿರಿ. ಪತ್ರಿಕಾಗೋಷ್ಠಿಯನ್ನು ನಾವು ಟಿವಿಯಲ್ಲಿ ನೋಡಿದೆವು. ಒಲ್ಮೆದೊ ಕೂಡ ಅಲ್ಲಿ ತನ್ನೂರಿನಲ್ಲಿ ಕೂತು ನೋಡಿದನಂತೆ. ಮುಂದಿನ ವರ್ಷ ಅವನನ್ನು ನಮ್ಮೂರಿನಿಂದ ಒಂದು ಮೆಟ್ಟಿಲು ಮೇಲಿನ ತಂಡಕ್ಕೆ ಹಾಕಿದಿರಿ. ಅಲ್ಲಿ ಎಡ ಮೈದಾನದಲ್ಲಿ ನಿಲ್ಲು ಎಂದಿರಿ, ನಿಂತ. ಥರ್ಡ್ ಬೇಸ್ ಎಂದಿರಿ, ಹೋದ. ಒಂದು ಸಲ ಚೆಂಡು ಹಿಡಿಯುವ ಕ್ಯಾಚರ್ ಮಾಡಿ ಬ್ಯಾಟಿನವನ ಹಿಂದೆಯೂ ಕೂರಿಸಿದಿರಂತೆ. ಎಲ್ಲ ಕಡೆಗೂ ಒದಗುವವನು ಬೇಕಿತ್ತು ನಿಮಗೆ. ಎಲ್ಲ ಕಡೆ ನಿಂತವನಿಗೆ ತನ್ನದೆನ್ನುವ ಜಾಗ ಇಲ್ಲವಾಯಿತು. ತಲೆಗಿಂತ ಮುಂಚೆ ಯೋಚಿಸುತ್ತಿದ್ದ ಕಾಲು ಈಗ ತಲೆಯನ್ನು ಕೇಳಿ ಹೆಜ್ಜೆ ಇಡತೊಡಗಿತು. ಆಟ ಇಳಿಯಿತು. ಮಣಿಕಟ್ಟು ಉಳುಕಿತು, ಹೇಳಿದರೆ ಇರುವ ಜಾಗವೂ ಹೋದೀತೆಂದು ಹೇಳದೆ ಆಡಿದ. ಅದರ ಮುಂದಿನ ಮಾರ್ಚಿನಲ್ಲಿ, ಅಭ್ಯಾಸ ಶಿಬಿರದಲ್ಲಿ, ಅವನನ್ನು ಬಿಟ್ಟುಬಿಟ್ಟಿರಿ. ಬೆಳಿಗ್ಗೆ ಎದ್ದು ಹೋದರೆ ಅವನ ಕಪಾಟಿನಲ್ಲಿ ಬೇರೆಯವನ ಬೂಟು ಇತ್ತಂತೆ.

ಊರಿಗೆ ಹೋಗುವ ಮುಂಚೆ ನಮ್ಮ ಮನೆಗೆ ಬಂದ, ಬಿಟ್ಟುಹೋಗಿದ್ದ ಚಳಿ ಕೋಟು ಮತ್ತು ಒಂದಿಷ್ಟು ಸಾಮಾನು ತೆಗೆದುಕೊಳ್ಳಲು. ನಾನು ಅನ್ನ ಮಾಡಿದ್ದೆ. ಮೂವರೂ ಕೂತು ಉಂಡೆವು. ಕೊನೆಗೆ ಲೆನ್ ಹೇಳಿದ, "ಬೇರೆ ತಂಡದವರು ಕರೀತಾರೆ ಮಗಾ. ಇದೊಂದೇ ತಂಡನಾ ಪ್ರಪಂಚದಲ್ಲಿ?"

"ಫೋನ್ ಮಾಡಿದ್ದೆ ಮಿಸ್ಟರ್ ಲೆನ್. ಎಲ್ಲರೂ ಒಂದೇ ಕೇಳ್ತಾರೆ. ಮೇಲೆ ಆಡಿದ್ದೀಯಾ ಅಂತ."

"ನೀನೇನಂದೆ?"

"ಅಲ್ಲಿ ಹುಲ್ಲು ಚೆನ್ನಾಗಿತ್ತು ಅಂದೆ."

ಅವನು ನಕ್ಕ. ಲೆನ್ ಎದ್ದು ಗ್ಯಾರೇಜಿಗೆ ಹೋದವನು ಹುಡುಗ ಹೊರಡುವವರೆಗೂ ಒಳಗೆ ಬರಲಿಲ್ಲ. ನಾನು ಬಯ್ದೆ. "ಹೇಗೇ ಬರ್ಲಿ?" ಅಂದ. ನಮ್ಮ ಮೇಲಿನ ಕೋಣೆಗೆ ಆಮೇಲೆ ಯಾರನ್ನೂ ಇಟ್ಟುಕೊಳ್ಳಲಿಲ್ಲ.

ಈಗ ಒಲ್ಮೆದೊ ದವೀದ್‌ನಲ್ಲಿ ಚಿಕ್ಕಪ್ಪನ ಟಯರ್ ಅಂಗಡಿಯಲ್ಲಿದ್ದಾನೆ. ಪ್ರಾಂತ್ಯದ ತಂಡಕ್ಕೆ ಬಾ ಎಂದು ಅಲ್ಲಿಯವರು ಕರೆದರೂ ಹೋಗಲಿಲ್ಲ. ಕ್ರಿಸ್‌ಮಸ್‌ಗೆ ಫೋನ್ ಮಾಡಿದ್ದ. ಒಂದು ದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ ಇವನ ಚಿಕ್ಕಪ್ಪನ ಬಾಯಲ್ಲಿ ವಿಷಯ ಕೇಳಿ, ಅಲ್ಲೇ ಮೊಬೈಲಿನಲ್ಲಿ ಹುಡುಕಿದನಂತೆ. ಅಮೆರಿಕದ ಮೇಜರ್ ಲೀಗಿನಲ್ಲಿ ಒಂದು ಚೆಂಡು ಆಡಿದವನ ಹೆಸರೂ ದಾಖಲೆಯಲ್ಲಿರುತ್ತದೆ. ಇವನದು ಸಿಗಲಿಲ್ಲ.

"ಏನಯ್ಯ, ದೊಡ್ಡ ಲೀಗಲ್ಲಿ ಆಡಿದೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯ, ನಿನ್ನ ಹೆಸರೇ ಇಲ್ವಲ್ಲ ಇಲ್ಲಿ?"

"ಆಡಿದೆ ಅಂತ ನಾನು ಯಾವತ್ತೂ ಹೇಳಿಲ್ಲ," ಅಂದನಂತೆ ಒಲ್ಮೆದೊ. "ಇದ್ದೆ ಅಂದಿದ್ದೆ."

ಇದನ್ನು ನನಗೆ ಹೇಳಿ, "ಮಿಸ್ ಬರ್ನಿ, ನಾನು ಇದ್ದೆ ತಾನೇ?" ಎಂದು ಕೇಳಿದ. ಇದ್ದೆಯಪ್ಪ, ನಾವು ಮೂವರೂ ನೋಡಿದ್ದೇವೆ ಎಂದೆ. ಇಪ್ಪತ್ತಾರರ ವಯಸ್ಸಿನ ಹುಡುಗ, ತಾನಿದ್ದದ್ದಕ್ಕೆ ಸಾಕ್ಷಿ ಕೇಳುತ್ತಿದ್ದಾನೆ, ಮಾನ್ಯರೇ. ನಿಮ್ಮ ಯೋಜನೆಯಲ್ಲಿದ್ದ ಹುಡುಗ.

ಇಷ್ಟು ಕಾಲದ ಮೇಲೆ ಇದನ್ನು ಏಕೆ ಬರೆಯುತ್ತಿದ್ದೇನೆಂದರೆ, ಹೋದ ವಾರ ನೀವು ಇನ್ನೊಬ್ಬ ಹುಡುಗನನ್ನು ಮೇಲಕ್ಕೆ ಕರೆಸಿಕೊಂಡಿದ್ದೀರಿ. ಹೆಸರು ಬರೆಯುವುದಿಲ್ಲ, ನನ್ನ ಬಾಯಿಂದ ಅವನಿಗೆ ತೊಂದರೆಯಾಗುವುದು ಬೇಡ. ಅವನು ನಮ್ಮೂರಿನಲ್ಲಿ ಆಡಿದವನು, ಅವನ ಆಟ ನೋಡಿದ್ದೇನೆ. ನಿನ್ನೆ ಟಿವಿಯಲ್ಲಿ ಅವನನ್ನು ತೋರಿಸಿದರು. ಬೆಂಚಿನ ಮುಂದಿನ ಕಂಬಿಗೆ ಗದ್ದ ಆನಿಸಿಕೊಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ. ವೀಕ್ಷಕ ವಿವರಣೆಗಾರರು ಅವನ ಉಜ್ವಲ ಭವಿಷ್ಯದ ಬಗ್ಗೆ ಒಂದು ನಿಮಿಷ ಮಾತಾಡಿದರು. ಲೆನ್ ಎದ್ದು ಹೋಗಿ ಟಿವಿಯ ಸದ್ದು ನಿಲ್ಲಿಸಿದ.

ನನ್ನ ಬೇಡಿಕೆ ಇಷ್ಟು. ಅವನನ್ನು ಆಡಿಸಿ. ಹನ್ನೊಂದು ರನ್ ಮುಂದಿರುವಾಗ ಕನಿಕರಕ್ಕೆ ಒಂದು ಇನ್ನಿಂಗ್ಸ್ ಅಲ್ಲ, ಒಂದಿಡೀ ತಿಂಗಳು, ದಿನವೂ, ಶುರುವಿನಿಂದ. ಸೋಲಿಗೆ ಹೆದರಿಕೆಯಿದ್ದರೆ, ನಿಮ್ಮ ಮಹಾರಥಿಗಳ ಜೊತೆಗೂ ನೀವು ಈ ವರ್ಷ ಸೋಲುತ್ತಲೇ ಇದ್ದೀರಿ ಎಂಬುದನ್ನು ನೆನೆದು ಧೈರ್ಯ ತಂದುಕೊಳ್ಳಿ. ಆಡಿಸುವ ಮನಸ್ಸಿಲ್ಲದಿದ್ದರೆ, ಆಡಿಸುವವರ ಬಳಿಗೆ ಅವನನ್ನು ಇವತ್ತೇ ಕಳಿಸಿಕೊಡಿ. ಅವನು ತಪ್ಪು ಮಾಡಲಿ. ಚೆಂಡು ಕೈ ಜಾರಿ ಬೀಳಲಿ, ಜನ ಬಯ್ಯಲಿ, ನಾನೂ ಬಯ್ಯುತ್ತೇನೆ. ನಾಲ್ಕು ಸಲ ಬ್ಯಾಟ್ ಹಿಡಿದು ನಾಲ್ಕು ಸಲವೂ ಔಟಾಗಲಿ. ದಾಖಲೆಯಲ್ಲಿ ಅವನ ಹೆಸರಿನ ಮುಂದೆ ದೊಡ್ಡದೊಂದು ಸೊನ್ನೆ ಬೀಳಲಿ. ಬಿದ್ದರೂ ಅದು ಅವನ ಸೊನ್ನೆ, ಅವನು ದುಡಿದು ಗಳಿಸಿದ್ದು, ಯಾರೂ ಅಳಿಸಲಾಗದ್ದು. ನಮ್ಮ ಹುಡುಗನಿಗೆ ನೀವು ಆ ಸೊನ್ನೆಯನ್ನೂ ಕೊಡಲಿಲ್ಲ.

ಇಂತಿ,
ನಿಮ್ಮ ತಂಡದ ಸಹವಾಸ ಬಿಡಬೇಕೆಂದು ಪ್ರತಿ ಏಪ್ರಿಲ್‌ನಲ್ಲೂ ಆಣೆ ಮಾಡಿ, ಪ್ರತಿ ಏಪ್ರಿಲ್‌ನಲ್ಲೂ ಆಣೆ ಮುರಿಯುವ,
ಬರ್ನಡೆಟ್ ಹುದಾಕ್
ಹಾರ್ಲನ್ ಫೆರಿ